ಕರ್ತೃವನ್ನು ಹುಡುಕು, ಪುಟ್ಟಿ

ಚಿರಂಜೀವಿ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಸರ್ಕಾರಿ ಇಲಾಖೆಯೊಂದರ ವಾರ್ಷಿಕ ವರದಿಯನ್ನು ಸರಳ ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ಸಿಕ್ಕಿದೆ ಅಂತ ತಿಳಿಸಿದ್ದೀಯ, ಸಂತೋಷ. ಆದರೆ ‘ದೊಡ್ಡ ಪದ ತೆಗೆದು ಚಿಕ್ಕ ಪದ ಹಾಕಿದರೆ ಆಯ್ತಲ್ಲ’ ಅಂದಿದ್ದೀಯಲ್ಲ, ಆ ಒಂದು ಮಾತಿಗೇ ಈ ಕಾಗದ.

ಪದ ಬದಲಿಸುವುದು ಅರ್ಧ ದಿನದ ಕೆಲಸ. ‘ಯುಟಿಲೈಸ್’ ಇದ್ದಲ್ಲಿ ‘ಯೂಸ್’, ‘ಕಂಡಕ್ಟೆಡ್ ಆ್ಯನ್ ಇನ್‌ಸ್ಪೆಕ್ಷನ್ ಆಫ್’ ಅನ್ನುವ ಮೆರವಣಿಗೆಗೆ ‘ಇನ್‌ಸ್ಪೆಕ್ಟೆಡ್’ ಸಾಕು. ಕಷ್ಟ ಇರೋದು ‘ಡಿಲೇಸ್ ವರ್ ಎಕ್ಸ್‌ಪೀರಿಯನ್ಸ್ಡ್’ ಅನ್ನುವಂಥ ಕಡೆ. ತಡವಾಯಿತು, ಸರಿ. ಯಾರಿಂದ? ಎಷ್ಟು ದಿನ? ಬರೆದವರಿಗೆ ಕರ್ತರಿ ಪ್ರಯೋಗ ಗೊತ್ತಿಲ್ಲ ಅಂದುಕೊಳ್ಳಬೇಡ, ಚೆನ್ನಾಗಿ ಗೊತ್ತು. ಕರ್ತೃವನ್ನು, ಅಂದರೆ ಕೆಲಸ ಮಾಡಿದವರನ್ನು, ಬಚ್ಚಿಡಲಿಕ್ಕೇ ಕರ್ಮಣಿ ಪ್ರಯೋಗ ಬಂದಿರೋದು. ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಇಂಥ ವಾಕ್ಯ ತಿದ್ದೋಕೆ ನಿಘಂಟು ಸಾಲದು. ಫೋನ್ ಮಾಡಿ ಕೇಳಬೇಕು.

ನಾನೂ ಒಮ್ಮೆ ಎಡವಿದ್ದೇನೆ. ಕರಡಿನಲ್ಲಿ ‘ಸಿಗ್ನಿಫಿಕೆಂಟ್ ಪ್ರೋಗ್ರೆಸ್’ ಅಂತಿತ್ತು. ‘ಗುಡ್ ಪ್ರೋಗ್ರೆಸ್’ ಅಂತ ತಿದ್ದಿ, ಎಷ್ಟು ಸರಳವಾಯಿತು ಅಂತ ಬೀಗಿದೆ. ಲೆಕ್ಕಪರಿಶೋಧಕರು ಕೋಷ್ಟಕದ ಮೇಲೆ ಬೆರಳಿಟ್ಟರು: ‘ಗುರಿ 400, ಮುಗಿದದ್ದು 180. ಇದ್ಯಾವ ಗುಡ್ ರೀ?’ ನಾನು ಸುಳ್ಳನ್ನು ಚಿಕ್ಕ ಪದದಲ್ಲಿ ಬರೆದಿದ್ದೆ, ಅಷ್ಟೇ. ‘ಅರ್ಧಕ್ಕಿಂತ ಕಡಿಮೆ ಆಗಿದೆ’ ಅಂತ ಬರೆದು ಕಾರಣ ಕೊಟ್ಟಿದ್ದರೆ ಮುಗಿದಿತ್ತು.

ಇದೇನು ಹೊಸ ಜಗಳವಲ್ಲ. ಬ್ರಿಟನ್ನಿನ ಖಜಾನೆ ಕೇಳಿಕೊಂಡಿದ್ದಕ್ಕೆ ಅರ್ನೆಸ್ಟ್ ಗವರ್ಸ್ ಸರಳವಾಗಿ ಬರೆಯೋದು ಹೇಗೆ ಅಂತ ಅಧಿಕಾರಿಗಳಿಗೊಂದು ಕೈಪಿಡಿ ಬರೆದದ್ದು 1948ರಲ್ಲಿ. 1979ರಲ್ಲಿ ಕ್ರಿಸ್ಸಿ ಮೇಹರ್ ಅನ್ನುವ ಹೋರಾಟಗಾರ್ತಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲೇ ಅರ್ಥವಾಗದ ಸರ್ಕಾರಿ ಫಾರಂಗಳನ್ನು ಚೂರುಚೂರು ಮಾಡಿ ಚಳವಳಿ ಹೂಡಿದರು. ಸರ್ಕಾರಿ ಬರಹ ಸರಳವಾಗಿರಬೇಕು ಅಂತ ಅಮೆರಿಕ 2010ರಲ್ಲಿ ಕಾಯ್ದೆಯನ್ನೇ ತಂದಿತು. ಸರಳ ಭಾಷೆ ಬಗ್ಗೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ (ಐಎಸ್‌ಒ) 2023ರಲ್ಲಿ ತಂದ ಮಾನದಂಡ, ಓದುಗರಿಗೆ ಬೇಕಾದ್ದು ಸಿಗಬೇಕು, ಸಿಕ್ಕಿದ್ದು ಅರ್ಥವಾಗಬೇಕು, ಅರ್ಥವಾದದ್ದು ಬಳಕೆಗೆ ಬರಬೇಕು ಅನ್ನುತ್ತೆ. ‘ಸಿಗಬೇಕು’ ಮೊದಲು ಬಂದಿದೆ, ನೋಡು. ವಾರ್ಷಿಕ ವರದಿಯನ್ನು ಮೊದಲಿನಿಂದ ಕೊನೆವರೆಗೆ ಯಾರೂ ಓದಲ್ಲ. ಪತ್ರಕರ್ತರೋ ಶಾಸಕರ ಸಹಾಯಕರೋ ಒಂದು ಅಂಕಿಗಾಗಿ ತೆರೀತಾರೆ. ಶೀರ್ಷಿಕೆಯಲ್ಲೇ ಫಲಿತಾಂಶ ಇರಲಿ, ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿ. ಅಳತೆ ಬದಲಾಗಿದ್ದರೆ ಅಲ್ಲೇ ಹೇಳಿಬಿಡು, ಅಡಿಟಿಪ್ಪಣಿಗೆ ತಳ್ಳಬೇಡ.

ಹಾಗಂತ ಸರಳತೆಯ ಹುಮ್ಮಸ್ಸಿನಲ್ಲಿ ‘ಅಪ್ರಾಪ್ರಿಯೇಷನ್’, ‘ಎಕ್ಸ್‌ಪೆಂಡಿಚರ್’ ಎರಡನ್ನೂ ‘ಮನಿ’ ಮಾಡೀಯ! ಮೊದಲನೆಯದು ಶಾಸನಸಭೆ ಖರ್ಚಿಗೆ ಒಪ್ಪಿ ಕೊಟ್ಟದ್ದು, ಎರಡನೆಯದು ನಿಜವಾಗಿ ಖರ್ಚಾದದ್ದು. ಓದುಗರಿಗೆ ಬೇಕಾಗಿರೋದೇ ಆ ವ್ಯತ್ಯಾಸ. ಪದ ಉಳಿಸಿಕೊಂಡು ಒಂದು ಸಲ ಬಿಡಿಸಿ ಹೇಳು.

ಸಚಿವರ ಮುನ್ನುಡಿಗೆ ಕೈ ಹಾಕಬೇಡ, ತಿದ್ದಿದರೂ ಹಳೇ ರೂಪದಲ್ಲೇ ವಾಪಸ್ ಬರುತ್ತೆ. ಕರಡು ಸಿದ್ಧವಾದಾಗ ನನಗೆ ಕೋಷ್ಟಕಗಳನ್ನು ಮೊದಲು ಕಳಿಸು. ವಾಕ್ಯಗಳನ್ನು ಆಮೇಲೆ ನೋಡೋಣ.

ಇಂತಿ,
ದೊಡ್ಡಪ್ಪ