ಪಕ್ಕದ ಬೆಡ್ಡಿನ ಅಕ್ಕನಿಗೆ

ಹೋದ ತಿಂಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅಪ್ಪನ ಪಕ್ಕದ ಬೆಡ್ಡಿನಲ್ಲಿ ಯಜಮಾನರನ್ನು ನೋಡಿಕೊಳ್ಳುತ್ತಿದ್ದ ಅಕ್ಕಾ, ನಿಮ್ಮ ಹೆಸರು ಕೇಳಲಿಲ್ಲ. ಮಾಗಡಿ ಕಡೆಯವರು ಅಂದಿದ್ದಿರಿ, ಅಷ್ಟೇ ಗೊತ್ತು.

ಅಪ್ಪನಿಗೆ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಲಸ ಕುಂದುವ ಕಾಯಿಲೆ. ಹೊಟ್ಟೆಯಲ್ಲಿ ತುಂಬಿದ್ದ ನೀರು ತೆಗೆಸಿದ್ದೆವು, ಸಪ್ಪೆ ಊಟ ಕೊಡುತ್ತಿದ್ದೆವು. ಆ ರಾತ್ರಿ ಅವರು ನನ್ನನ್ನೇ ಕಂಡಕ್ಟರ್ ಅಂದುಕೊಂಡು ಮೆಜೆಸ್ಟಿಕ್‌ಗೆ ಟಿಕೆಟ್ ಕೇಳಿದರು. ನಿದ್ದೆಗಣ್ಣು ಅಂದುಕೊಂಡೆ. ನೀವು ಎದ್ದು ಬಂದು, ಎರಡೂ ಕೈ ಚಾಚಿಸಿ ನೋಡಿದಿರಿ. ಅಂಗೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ಪಟಪಟ ಬೀಳುತ್ತಿದ್ದವು. "ಮೋಷನ್ ಆಗಿ ಎಷ್ಟು ದಿನ ಆಯ್ತಪ್ಪಾ?" ಎರಡು ದಿನ. "ಈಗ್ಲೇ ಸಿಸ್ಟರ್‌ನ ಕರಿ. ನಮ್ಮೆಜಮಾನ್ರಿಗೂ ಹಿಂಗೇ ಶುರುವಾಗಿದ್ದು."

ಲಿವರ್ ತೆಗೆದುಹಾಕಬೇಕಿದ್ದ ಅಮೋನಿಯಾ ರಕ್ತದಲ್ಲಿ ಉಳಿದು ಮಿದುಳಿಗೆ ಏರಿದೆ, ಮಲ ಕಟ್ಟಿಕೊಂಡಿದ್ದಕ್ಕೆ ಹೆಚ್ಚಾಗಿದೆ ಎಂದರು ಡಾಕ್ಟರ್. ಎನಿಮಾ ಕೊಟ್ಟು, ಮಲ ಸಡಿಲ ಮಾಡುವ ಲ್ಯಾಕ್ಟುಲೋಸ್ ಸಿರಪ್ ಶುರು ಮಾಡಿದರು. ದಿನಕ್ಕೆ 2–3 ಸಲ ಮೆತ್ತಗೆ ಮೋಷನ್ ಆಗಲೇಬೇಕಂತೆ. ಇದನ್ನು ನಮಗೆ ಮೊದಲೇ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಅಪ್ಪ ನನ್ನ ಹೆಸರು ಹಿಡಿದು ಕರೆದರು. ನಿಮಗೆ ಹೇಳೋಣವೆಂದು ತಿರುಗಿದರೆ ನಿಮ್ಮ ಬೆಡ್ಡಿಗೆ ಹೊಸ ಚಾದರ ಹಾಸುತ್ತಿದ್ದರು. ಡಿಸ್ಚಾರ್ಜ್ ಆಗಿ ಊರಿಗೆ ಹೋದರೆಂದು ಸಿಸ್ಟರ್ ಹೇಳಿದ ಮೇಲೇ ನನಗೆ ಉಸಿರು ಬಂದಿದ್ದು. ಅಕ್ಕಾ, ನಮ್ಮಪ್ಪನನ್ನು ಉಳಿಸಿಕೊಟ್ಟಿರಿ. ಕೈ ಮುಗಿಯುತ್ತೇನೆ.