ಮಳೆ ಶುರುವಾಗೋ ಮೊದ್ಲು ನಮ್ ಶಾಲೆ ಮಕ್ಕಳಿಗೆ 42 ಜೊತೆ ಗಂಬೂಟು ಬೇಕು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನವನು, ನಮ್ಮೂರ ಸರ್ಕಾರಿ ಶಾಲೆಯ ಹಳೇ ವಿದ್ಯಾರ್ಥಿ, ಮಗಳು ಈಗ ಅಲ್ಲೇ ನಾಲ್ಕನೇ ಕ್ಲಾಸು, ಹಾಗಾಗಿ ಎಸ್‌ಡಿಎಂಸಿ ಅಂದ್ರೆ ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿಲೂ ಹೆಸರಿದೆ. ಇದು ದುಡ್ಡು ಕೇಳೋ ಪತ್ರ, ಮೊದಲೇ ಹೇಳ್ಬಿಡ್ತೀನಿ, ಅರ್ಧ ಓದಿ ಆಮೇಲೆ ಓಹೋ ಇದಕ್ಕಾ ಅಂತ ನಿಮಗೆ ಬೇಜಾರಾಗೋದು ಬೇಡ.

ಹೋದ ವರ್ಷ ಮೇಷ್ಟ್ರು ಒಂದು ಶನಿವಾರ ಮಕ್ಕಳಿಗೆ ನಿಮಗೆ ಗೊತ್ತಿರೋ ಹಕ್ಕಿ ಚಿತ್ರ ಬರೀರಿ ಅಂದ್ರು. ನವಿಲು ಬಂತು, ಗಿಳಿ ಬಂತು, ಆಸ್ಟ್ರಿಚ್ ಬಂತು, ಪೆಂಗ್ವಿನ್ ಬರೆದವರೇ ಏಳು ಜನ. ಆ ಹೊತ್ತಿಗೆ ಕಿಟಕಿ ಆಚೆ ಹಲಸಿನ ಮರದಲ್ಲಿ ಕುಟ್ರು ಹಕ್ಕಿ ಕುಟ್ರೂ ಕುಟ್ರೂ ಅಂತ ಬಾಯಿ ಬಡ್ಕೊಳ್ತಾ ಇತ್ತು, ಅದನ್ನ ಬರೆದವರು ಒಬ್ಬರೂ ಇಲ್ಲ. ಮಂಗಟ್ಟೆ ಇಲ್ಲ, ಕಾಜಾಣ ಇಲ್ಲ. ಶಾಲೆಯಿಂದ ಕಾನಿಗೆ, ಅಂದ್ರೆ ನಮ್ಮ ಕಡೆಯ ದಟ್ಟ ಹಸಿರು ಕಾಡಿಗೆ, ಹತ್ತು ನಿಮಿಷದ ದಾರಿ ಮಾರಾಯ್ರೆ. ಮೇಷ್ಟ್ರು ಆ ಹಾಳೆಗಳನ್ನ ಮೀಟಿಂಗಿಗೆ ತಂದು ಮೇಜಿನ ಮೇಲೆ ಹರಡಿದ್ರು ಅಷ್ಟೇ, ಏನೂ ಹೇಳ್ಲಿಲ್ಲ, ನಮಗೆಲ್ಲ ಒಂಥರಾ ಆಯ್ತು.

ನಮ್ಮ ಕಾಲದಲ್ಲಿ ಹಂಗಿತ್ತು ಹಿಂಗಿತ್ತು ಅನ್ನೋ ಪುರಾಣ ನಾನು ತೆಗೆಯಲ್ಲ, ನಮ್ಮ ಕಾಲದಲ್ಲಿ ಕಾನು ತಿರುಗಿ ಕತ್ತಲಾದ್ಮೇಲೆ ಮನೆಗೆ ಬಂದ್ರೆ ಬೆನ್ನಿಗೆ ಏಟೂ ಬೀಳ್ತಿತ್ತು. ಆದ್ರೆ ಮೊಬೈಲ್ ಒಂದನ್ನೇ ಬೈಯೋದೂ ಸರಿಯಲ್ಲ ಅನ್ಸುತ್ತೆ ನನಗೆ. ಇಲ್ಲಿ ಇನ್ನೆರಡು ಕಾರಣ ಇದೆ. ಒಂದು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಲ್ಲಿ ಮೊದಲು ಗೊತ್ತಾಗಿದ್ದು ಅದು, ನಮಗೇನೂ ಹೊಸದಲ್ಲ, ಆದ್ರೆ 2019ರ ಹೊತ್ತಿಗೆ ನಮ್ಮ ತಾಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತಾಗ ಎಲ್ಲಾ ಮನೆಯಲ್ಲೂ ಮಕ್ಕಳಿಗೆ ಕಾನು ಕಡೆ ತಲೆ ಹಾಕ್ಬೇಡಿ ಅಂತ ಆಯ್ತು, ಅದು ಸರಿಯಾದ ಭಯಾನೇ. ಅದರ ಬೆನ್ನಿಗೇ ಲಾಕ್‌ಡೌನ್ ಬಂತು. ಭಯ ಕಮ್ಮಿ ಆದ್ಮೇಲೂ ಮಕ್ಕಳು ವಾಪಸ್ ಹೋಗ್ಲಿಲ್ಲ, ಅಷ್ಟರಲ್ಲಿ ಅಭ್ಯಾಸ ತಪ್ಪಿತ್ತು.

ಎರಡನೇದು ಯಾರೂ ಹೇಳದೇ ಇರೋದು. ಆಟಕ್ಕೆ ಜನ ಬೇಕಲ್ವಾ? ಲಗೋರಿ ಆಡೋಕೆ ಏಳು ಕಲ್ಲಿದ್ರೆ ಸಾಕಾಗಲ್ಲ, ಎರಡೂ ಕಡೆಗೆ ನಾಲ್ಕು ನಾಲ್ಕು ಜನನಾದ್ರೂ ಬೇಕು. ನಮ್ಮೂರಲ್ಲಿ ಮಕ್ಕಳೇ ಕಮ್ಮಿ, ಇರೋರಲ್ಲಿ ಅರ್ಧ ಜನ ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿ ಪೇಟೆ ಸ್ಕೂಲಿಗೆ ಹೋಗಿ ಸಂಜೆ ಬರ್ತಾರೆ, ಪಕ್ಕದ ಮನೆ ಮಗುವಿನ ಹೆಸರು ಗೊತ್ತಿಲ್ಲದ ಮಕ್ಕಳು ಇದಾರೆ ಇಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಕಥೆ ಅಲ್ಲ ಹಳ್ಳಿ ಕಥೆ ಹೇಳ್ತಿರೋದು.

ಅದಕ್ಕೇ ಮಕ್ಕಳನ್ನ ಒಟ್ಟಿಗೆ ಕಾನಿಗೆ ಕರ್ಕೊಂಡು ಹೋಗೋಕೆ, ಆಡಿಸೋಕೆ ಅಂತ ಶನಿವಾರ ಹಿಡ್ಕೊಂಡ್ವಿ. ಶನಿವಾರ ಹೆಂಗೂ ಅರ್ಧ ದಿನ ಶಾಲೆ, ಊಟ ಮುಗಿಸಿ ಎರಡು ಗಂಟೆಯಿಂದ ನಾಲ್ಕೂವರೆ ತನಕ. ವ್ಯಾನ್ ಮಕ್ಕಳೂ ಬರಬಹುದು ಅಂತ ಮನೆಮನೆಗೆ ಹೋಗಿ ಹೇಳಿದ್ವಿ, ಟ್ಯೂಷನ್ ಇದೆ ಅಂದೋರು ಇದ್ರು, ಕೆಸರಾಗುತ್ತೆ ಅಂದೋರೂ ಇದ್ರು. ಜೂನ್‌ನಲ್ಲಿ ಹನ್ನೊಂದು ಮಕ್ಕಳಿಂದ ಶುರುವಾಗಿದ್ದು ಈಗ 42.

ಜೂನ್‌ನಿಂದ ಅಕ್ಟೋಬರ್ ತನಕ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಮತ್ತು ಕಾನಿನ ಅಂಚು, ಫಾರೆಸ್ಟ್ ಗಾರ್ಡ್‌ಗೆ ಹೇಳಿ ಹೋಗೋದು. ಆಮೇಲೆ ಉಣುಗು ಅಂದ್ರೆ ರಕ್ತ ಹೀರೋ ಉಣ್ಣೆಗಳ ಕಾಲ, ಮಂಗನ ಕಾಯಿಲೆ ಹರಡೋದೇ ಅವುಗಳಿಂದ, ಹಾಗಾಗಿ ಬೇಸಿಗೆ ಮುಗಿಯೋ ತನಕ ಕಾನು ಪೂರ್ತಿ ಬಂದ್, ಈ ವಿಷಯದಲ್ಲಿ ರಾಜಿ ಇಲ್ಲ, ಎಷ್ಟು ಹಟ ಮಾಡಿದ್ರೂ ಬಿಡಲ್ಲ. ಆಗ ಶಾಲೆ ಮೈದಾನದಲ್ಲೇ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಮರಕೋತಿ. ಮೊದಮೊದಲು ಹೆಣ್ಮಕ್ಕಳು ಜಗಲಿ ಮೇಲೆ ಸಾಲಾಗಿ ಕೂತ್ಕೊಂಡು ನೋಡ್ತಿದ್ರು, ಈಗ ಮರಕೋತಿಯಲ್ಲಿ ಏಳನೇ ಕ್ಲಾಸಿನ ಹುಡುಗಿಯರನ್ನ ಮುಟ್ಟೋಕೆ ಹುಡುಗರಿಗೆ ಆಗಲ್ಲ.

ಕಾನಿಗೆ ಕರ್ಕೊಂಡು ಹೋಗೋರು ನಮ್ಮೂರಿನ ಇಬ್ರು, ಒಬ್ಬರು ಅಜ್ಜಿ, ಇನ್ನೊಬ್ಬರು ಮೊದಲು ಬೈನೆ ಅನ್ನೋ ತಾಳೆ ಜಾತಿಯ ಮರ ಹತ್ತುತ್ತಿದ್ದ ಹಿರಿಯರು. ಈ ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಆದ್ರೆ ಯಾವ ಎಲೆ ತಂಬುಳಿಗೆ, ಯಾವುದು ಮುಟ್ಟಿದ್ರೆ ತುರಿಕೆ, ಯಾವ ಅಣಬೆ ಕಡೆ ತಿರುಗಿಯೂ ನೋಡ್ಬಾರದು ಎಲ್ಲಾ ಬಾಯಲ್ಲೇ ಇದೆ. ಕಾಳುಮೆಣಸಿನ ಬಳ್ಳಿ ಕಾನಿನೊಳಗೆ ತಾನಾಗೇ ಬೆಳೆಯುತ್ತೆ, ಹಿಂದೆ ಜನ ಕಾನನ್ನ ಕಾಪಾಡಿದ್ದೇ ಈ ಮೆಣಸು, ಬೈನೆ ಎಲ್ಲಾ ಸಿಗುತ್ತೆ ಅಂತ, ಇದನ್ನ ಅವರು ಬಳ್ಳಿ ಹಿಡ್ಕೊಂಡೇ ಹೇಳೋದು. ಒಂದಿನ ದಾರೀಲಿ ಅಡಿಕೆ ತೋಟದಲ್ಲಿ ಹಾರೋ ಓತಿ ಒಂದು ಮರದಿಂದ ಇನ್ನೊಂದಕ್ಕೆ ತೇಲ್ಕೊಂಡು ಹೋಗಿದ್ದನ್ನ ಮಕ್ಕಳು ನೋಡಿದ್ರು, ಅವತ್ತು ಮುಂದಕ್ಕೆ ಹೆಜ್ಜೆ ಇಡ್ಲೇ ಇಲ್ಲ, ಎರಡು ಗಂಟೆ ಅಲ್ಲೇ ಕತ್ತು ಎತ್ಕೊಂಡು ನಿಂತಿದ್ರು. ಎರಡನೇ ಕ್ಲಾಸಿನ ಒಬ್ಬ ಅದಕ್ಕೆ ಚಾರ್ಜ್ ಎಷ್ಟು ಹೊತ್ತು ಬರುತ್ತೆ ಅಂತ ಕೇಳಿದ, ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ.

ಇದೆಲ್ಲ ಮಾಡಿದ್ರೆ ಮಾರ್ಕ್ಸ್ ಬರುತ್ತಾ ಅಂತ ಕೇಳೋರಿಗೆ ನನ್ನ ಹತ್ರ ಉತ್ತರ ಇಲ್ಲ. ಕಣ್ಣಿನ ವಿಷಯ ಮಾತ್ರ ಹೇಳಬಲ್ಲೆ, ಯಾಕಂದ್ರೆ ನನ್ನ ಮಗಳಿಗೇ ಒಂದನೇ ಕ್ಲಾಸಲ್ಲಿ ಕನ್ನಡಕ ಬಂತು. ಚೀನಾದ ಗುವಾಂಗ್‌ಝೌದಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನ ಕೆಲವು ಶಾಲೆಗಳಲ್ಲಿ ದಿನಾ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ನೋಡಿದ್ರಂತೆ, ಮೂರು ವರ್ಷ ಆದ್ಮೇಲೆ ಅಲ್ಲಿ 100ಕ್ಕೆ ಸುಮಾರು 30 ಮಕ್ಕಳಿಗೆ ಸಮೀಪದೃಷ್ಟಿ ಬಂದಿತ್ತು, ಹೊರಗೆ ಬಿಡದ ಶಾಲೆಗಳಲ್ಲಿ ಸುಮಾರು 40. 2015ರಲ್ಲಿ ಪ್ರಕಟ ಆಗಿರೋ ಅಧ್ಯಯನ. ಖರ್ಚಿಲ್ಲದ ಔಷಧ ಅಂದ್ರೆ ಇದೇ ಅಲ್ವಾ.

ಖರ್ಚಿಲ್ಲ ಅಂದೆ, ಆದ್ರೂ ದುಡ್ಡು ಕೇಳ್ತಿದೀನಿ. ಹೇಳ್ತೀನಿ ಕೇಳಿ. ಹೋದ ಮಳೆಗಾಲ ಮಕ್ಕಳು ಚಪ್ಪಲಿಯಲ್ಲೇ ಬಂದ್ರು. ಉಂಬಳಕ್ಕೆ (ಜಿಗಣೆಗೆ) ಸುಣ್ಣ ಹೊಗೆಸೊಪ್ಪು ಬಟ್ಟೇಲಿ ಕಟ್ಟಿ ಕೋಲಿಗೆ ಸಿಕ್ಕಿಸಿ ಒತ್ತೋದು, ಅದು ಹಳೇ ವಿದ್ಯೆ, ನಡೆಯುತ್ತೆ, ಆದ್ರೆ ಹಾವಿನ ವಿಷಯದಲ್ಲಿ ಹಾಗೆ ಧೈರ್ಯ ಮಾಡೋಕಾಗಲ್ಲ. 42 ಜೊತೆ ಗಂಬೂಟು, ಒಂದು ಜೊತೆಗೆ 350ರಂತೆ 14,700. ಆಮೇಲೆ ಮೈದಾನ, ಒಂದು ಮೂಲೇಲಿ ಚಿರೆಕಲ್ಲು ಎದ್ದು ನಿಂತಿದೆ, ಮೊಣಕಾಲು ಸಿಪ್ಪೆ ಎದ್ದು ಹೋಗದ ಮಗು ಇಲ್ಲ, ಜೆಸಿಬಿ ಹತ್ತು ಗಂಟೆ ಕೆಲಸ, 12,000. ಆ ಇಬ್ರು ಹಿರಿಯರಿಗೆ ಶನಿವಾರಕ್ಕೆ ತಲಾ 300ರಂತೆ ಇಪ್ಪತ್ತು ವಾರಕ್ಕೆ 12,000, ಅವರು ಬೇಡ ಅಂದ್ರು, ನಾವು ಒಪ್ಪಲಿಲ್ಲ, ಪೇಟೆಯಿಂದ ಬರೋ ಟ್ರೈನರಿಗೆ ಕೊಡಲ್ವಾ ಹಾಗಾದ್ರೆ?

ಹಗ್ಗದ ವಿಷಯ ಮುಚ್ಚಿಡಲ್ಲ. ಹೋದ ಡಿಸೆಂಬರ್‌ನಲ್ಲಿ ಮಾವಿನ ಮರಕ್ಕೆ ಕಟ್ಟಿದ್ದ ಜೋಕಾಲಿ ಹರಿದು ಒಬ್ಬ ಹುಡುಗನ ಮಣಿಕಟ್ಟು ಮುರೀತು. ಯಾರದ್ದೋ ಮನೆ ಬಾವಿಯ ಹಳೇ ಹಗ್ಗ ಅದು, ಪರೀಕ್ಷೆ ಮಾಡದೇ ಕಟ್ಟಿದ್ದು ನಾವೇ, ತಪ್ಪು ನಮ್ಮದೇ. ಹುಡುಗ ಈಗ ಹುಷಾರು, ಅವನಮ್ಮ ಎರಡು ತಿಂಗಳಾದ್ಮೇಲೆ ತಾವೇ ಕಳಿಸಿದ್ರು, ಅದು ಅವರ ದೊಡ್ಡತನ. ಹೊಸ ಹಗ್ಗ, ಕೊಂಡಿ ಎಲ್ಲಾ ಸೇರಿ 3,500, ಫಸ್ಟ್ ಏಡ್ ಡಬ್ಬಿ ಮತ್ತು ಸಣ್ಣಪುಟ್ಟದಕ್ಕೆ 2,300. ಟೈರುಗಳನ್ನ ಗ್ಯಾರೇಜಿನವರು ಪುಕ್ಕಟೆ ಕೊಡ್ತಿದಾರೆ.

ಕೊನೇದು ಒಂದು ಟ್ರಿಪ್ಪು, ದಸರಾ ರಜೆ ಮುಗಿದ್ಮೇಲೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ, ಮಿನಿ ಬಸ್ಸಿಗೆ 7,500. ಅಲ್ಲಿ ರಾಮಪತ್ರೆ ಜಡ್ಡಿ ಇದೆ, ಜೌಗು ನೀರೊಳಗೆ ನಿಂತ ಮರಗಳು, ಬೇರು ಮೊಣಕಾಲು ಮಡಚಿದ ಹಾಗೆ ಮೇಲಕ್ಕೆ ಎದ್ದಿರುತ್ತೆ, ಉಸಿರಾಡೋಕೆ. ಅದೃಷ್ಟ ಇದ್ರೆ ಸಿಂಗಳೀಕಾನೂ ಕಾಣ್ಬಹುದು. ಮೈಸೂರು ಝೂ ನೋಡಿರೋ ನಮ್ಮ ಮಕ್ಕಳು ಇಷ್ಟು ಹತ್ತಿರದ ಇದನ್ನ ನೋಡಿಲ್ಲ.

ಎಲ್ಲಾ ಸೇರಿ 52,000. ಊರಲ್ಲೇ 17,500 ಎತ್ತಿದೀವಿ, ಇನ್ನು ಬೇಕಾಗಿರೋದು 34,500. ನೂರು ಕೊಟ್ರೂ ಸಂತೋಷ, 350 ಕೊಟ್ರೆ ಒಂದು ಮಗುವಿನ ಕಾಲು ಮುಚ್ಚುತ್ತೆ. ತೆರಿಗೆ ವಿನಾಯಿತಿಯ 80ಜಿ ರಸೀದಿ ಕೊಡೋಕಾಗಲ್ಲ, ಕೈ ಬರಹದ ರಸೀದಿ ಸಿಗುತ್ತೆ, ಲೆಕ್ಕ ಪೂರ್ತಿ ಶಾಲೆ ಜಗಲಿ ಗೋಡೆ ಮೇಲೆ ಅಂಟಿಸ್ತೀವಿ, ಉಳಿದ್ರೆ ಮುಂದಿನ ವರ್ಷಕ್ಕೆ. ಇನ್ನೊಂದು, ಒಬ್ಬ ದಾನಿಗಳು ಮೈದಾನಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕ್ಸಿ ಒಂದು ಪ್ಲಾಸ್ಟಿಕ್ ಜಾರುಬಂಡೆ ಇಡ್ತೀನಿ, ಹೆಸರು ಬರೆಸಿ ಅಂದ್ರು. ಮನಸ್ಸು ದೊಡ್ಡದು, ಆದ್ರೆ ಕೈ ಮುಗಿದು ಬೇಡ ಅಂದ್ವಿ. ಚಿನ್ನಿದಾಂಡಿನ ಗುಂಡಿ ತೋಡೋಕಾದ್ರೂ ಮಣ್ಣು ಇರ್ಲಿ.

ಊರಿನವರು, ಹಳೇ ವಿದ್ಯಾರ್ಥಿಗಳು ಗ್ರೂಪಲ್ಲಿ ಹೆಡ್‌ಮೇಷ್ಟ್ರಿಗೆ ಮೆಸೇಜ್ ಹಾಕಿದ್ರೆ ಎಸ್‌ಡಿಎಂಸಿ ಖಾತೆ ನಂಬರ್ ಕೊಡ್ತಾರೆ, ಬೇರೆಯವರ ಖಾತೆಗೆ, ನನ್ನ ಖಾತೆಗೂ, ದಯವಿಟ್ಟು ಹಾಕ್ಬೇಡಿ. ದುಡ್ಡೇ ಆಗ್ಬೇಕು ಅಂತಿಲ್ಲ, ನಿಮ್ಮ ಮಕ್ಕಳಿಗೆ ಚಿಕ್ಕದಾದ ಗಂಬೂಟು ತೂತಿಲ್ಲದೇ ಇದ್ರೆ ಅದೂ ಆಗುತ್ತೆ. ಮೇ 20ಕ್ಕೆ ಅಂಗಡಿಗೆ ಆರ್ಡರ್ ಕೊಡ್ಬೇಕು, ಅಳತೆ ಎಲ್ಲಾ ಬರೆದಿಟ್ಟಿದೀವಿ, ಜಾಸ್ತಿ ಬೇಕಾಗಿರೋದು 2 ಮತ್ತು 3ನೇ ನಂಬರ್.