ಆತಂಕದ ಕಥೆ ಹೇಳುವ ಆಟ ಕನ್ನಡದಲ್ಲೂ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪರೀಕ್ಷೆಗಳು ಹತ್ತಿರ ಬಂದಂತೆ ಮಕ್ಕಳ ಮೊಬೈಲ್ ಮತ್ತು ವಿಡಿಯೊ ಗೇಮ್ ಚಟದ ಬಗ್ಗೆ ಓದುಗರ ಪತ್ರಗಳು ಪ್ರಕಟವಾಗುವುದು ವಾಡಿಕೆ. ಹೆತ್ತವರ ಆ ಕಳವಳ ಸುಳ್ಳೇನಲ್ಲ. ಆದರೆ ಗೇಮ್ ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುವುದು ಸರಿಯಲ್ಲವೆಂದು ನನ್ನ ಮನೆಯ ಅನುಭವದಿಂದ ತಿಳಿದಿದ್ದೇನೆ.

ಎರಡು ವರ್ಷಗಳ ಹಿಂದೆ ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯ ದಿನ ಬೆಳಿಗ್ಗೆ ಎದೆ ಡವಗುಟ್ಟಿ, ಕೈಕಾಲು ತಣ್ಣಗಾಗಿ, ಉಸಿರೇ ಸಿಗುತ್ತಿಲ್ಲವೆಂದು ಅಡುಗೆಮನೆಯ ಗೋಡೆಗೆ ಒರಗಿ ಕುಳಿತುಬಿಟ್ಟಳು. ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಇಸಿಜಿ ಸರಿಯಾಗಿ ಬಂದುದರಿಂದ ‘ಏನೂ ಇಲ್ಲ, ಸುಮ್ಮನೆ ಹೆದರಿದ್ದಾಳೆ’ ಎಂದು ಹೇಳಿ ಕಳುಹಿಸಿದರು. ‘ಏನೂ ಇಲ್ಲ ಅಂದ್ರೆ ನಂಗೆ ಆಗಿದ್ದೇನಮ್ಮ?’ ಎಂದು ಅವಳು ಆಟೊದಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ವಾರಗಳ ನಂತರ ಮನೋವೈದ್ಯರೊಬ್ಬರು ಅದಕ್ಕೆ ಆತಂಕವೆಂಬ ಹೆಸರಿದೆ, ಚಿಕಿತ್ಸೆಯೂ ಇದೆ ಎಂದು ತಿಳಿಸಿ ಹೇಳಿದರು. ಅದೇ ಸಮಯದಲ್ಲಿ ಅವಳ ಅಣ್ಣ ತಂದುಕೊಟ್ಟ ಆಟವೇ ‘ಸೆಲೆಸ್ಟ್’.

ದೊಡ್ಡ ಕಂಪನಿಗಳ ಹಂಗಿಲ್ಲದೆ ಮ್ಯಾಡಿ ಥಾರ್ಸನ್, ನೋಯೆಲ್ ಬೆರ್ರಿ ಮತ್ತು ಅವರ ಚಿಕ್ಕ ತಂಡ ಸಿದ್ಧಪಡಿಸಿದ ಈ ಆಟ 2018ರ ಜನವರಿಯಲ್ಲಿ ಬಿಡುಗಡೆಯಾಯಿತು. ಮ್ಯಾಡೆಲಿನ್ ಎಂಬ ಯುವತಿ ಸೆಲೆಸ್ಟ್ ಎಂಬ ಹೆಸರಿನ ಪರ್ವತವನ್ನು ಹತ್ತಲು ಹೊರಡುತ್ತಾಳೆ. ಅವಳೊಳಗಿನ ಅಳುಕು, ಸಂಶಯಗಳು ಅವಳದೇ ರೂಪ ತಳೆದು ಎದುರು ನಿಂತು, ನಿನ್ನಿಂದಾಗದು, ಹಿಂದಿರುಗು ಎಂದು ಪೀಡಿಸುತ್ತವೆ. ದಾರಿಯಲ್ಲಿ ಕೇಬಲ್ ಮೇಲೆ ತೂಗುತ್ತಾ ಸಾಗುವ ತೊಟ್ಟಿಲೊಂದು ನಡು ಆಕಾಶದಲ್ಲಿ ನಿಂತುಬಿಡುತ್ತದೆ. ಮ್ಯಾಡೆಲಿನ್‌ಗೆ ಉಸಿರುಗಟ್ಟಿದಂತಾಗಿ, ನನ್ನ ಮಗಳಿಗೆ ಆದದ್ದೇ ಅವಳಿಗೂ ಆಗುತ್ತದೆ. ಜೊತೆಯಲ್ಲಿದ್ದ ಥಿಯೋ ಎಂಬ ಗೆಳೆಯ, ಕಣ್ಣೆದುರು ಒಂದು ಗರಿಯಿದೆಯೆಂದು ಭಾವಿಸಿ, ನಿನ್ನ ಉಸಿರಿನಿಂದ ಅದನ್ನು ತೇಲಿಸು ಎನ್ನುತ್ತಾನೆ. ಆಗ ಪರದೆಯ ಮೇಲೆ ಗರಿಯೊಂದು ಮೂಡುತ್ತದೆ. ಗುಂಡಿ ಒತ್ತಿದರೆ ಮೇಲೇರಿ, ಬಿಟ್ಟರೆ ಇಳಿಯುವ ಆ ಗರಿಯನ್ನು, ಮೆಲ್ಲಗೆ ಏರಿಳಿಯುವ ಚೌಕಟ್ಟಿನಿಂದ ಆಚೆ ಹೋಗದಂತೆ ಹಿಡಿದಿಡಬೇಕು. ಮಗಳು ಅದನ್ನು ಆಡುವಾಗ ಅವಳ ಭುಜಗಳೂ ಗರಿಯೊಡನೆ ಏರಿಳಿಯುತ್ತಿದ್ದುದನ್ನು ನಾನು ಹಿಂದೆ ನಿಂತು ನೋಡಿದೆ.

ಆಟದ ಪ್ರಾಮಾಣಿಕತೆ ನನ್ನನ್ನು ಹೆಚ್ಚು ತಟ್ಟಿದ್ದು ಅದರ ಮುಂದಿನ ಭಾಗದಲ್ಲಿ. ಮತ್ತೊಂದು ಸಂದರ್ಭದಲ್ಲಿ ಮ್ಯಾಡೆಲಿನ್ ಅದೇ ಗರಿಯನ್ನು ನೆನೆದಾಗ, ಎದುರು ನಿಂತ ಅವಳ ಪ್ರತಿರೂಪ ಗರಿಯನ್ನೇ ಕತ್ತರಿಸಿಹಾಕುತ್ತದೆ. ಅವಳು ಪರ್ವತದ ಬುಡಕ್ಕೆ ಬೀಳುತ್ತಾಳೆ. ಅಲ್ಲಿಂದ ಮುಂದಿನ ಕಥೆ ಆ ಪ್ರತಿರೂಪವನ್ನು ಸೋಲಿಸುವ ಕಥೆಯಲ್ಲ, ಅದರೊಡನೆ ಮಾತನಾಡಿ, ಒಪ್ಪಂದಕ್ಕೆ ಬಂದು, ಇಬ್ಬರೂ ಒಟ್ಟಾಗಿ ಮೇಲೆ ಹತ್ತುವ ಕಥೆ. ‘ಧೈರ್ಯ ತಂದುಕೋ, ಎಲ್ಲಾ ಸರಿಹೋಗುತ್ತೆ’ ಎಂಬ ನಮ್ಮ ಸುಲಭದ ಮಾತಿಗಿಂತ ಇದು ನಿಜಕ್ಕೆ ಬಹಳ ಹತ್ತಿರವಿದೆ.

ನನಗೆ ಸಂಧಿವಾತವಿದೆ, ಬೆಳಗಿನ ಹೊತ್ತು ಬೆರಳುಗಳನ್ನು ಪೂರ್ತಿ ಮಡಚಲು ಆಗುವುದಿಲ್ಲ. ಸೆಲೆಸ್ಟ್ ಚುರುಕು ಬೆರಳುಗಳನ್ನು ಬೇಡುವ, ನೂರಾರು ಸಲ ಬಿದ್ದು ಏಳಬೇಕಾದ ಕಷ್ಟದ ಆಟ. ಆದರೂ ನಾನು ಅದನ್ನು ಆಡಿದೆ. ಅದರಲ್ಲಿರುವ ಅಸಿಸ್ಟ್ ಮೋಡ್ ಎಂಬ ವ್ಯವಸ್ಥೆಯಲ್ಲಿ ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು, ಬಂಡೆ ಹಿಡಿದು ನೇತಾಡುವ ಕಸುವು ಮುಗಿಯದಂತೆ ಮಾಡಬಹುದು, ಸಾವೇ ಇಲ್ಲದಂತೆಯೂ ಮಾಡಿಕೊಳ್ಳಬಹುದು. ಕಥೆಯಲ್ಲಿ ಒಂದಕ್ಷರವೂ ಕಡಿಮೆಯಾಗುವುದಿಲ್ಲ. ಪರದೆಯ ಅಲುಗಾಟವನ್ನೂ ಕಣ್ಣು ಕುಕ್ಕುವ ಮಿಂಚುಗಳನ್ನೂ ನಿಲ್ಲಿಸಬಹುದು. ಮೊದಲ ಸಲ ಈ ನೆರವಿಲ್ಲದೆಯೇ ಆಡಿ ಎಂಬ ಸೂಚನೆ ಆರಂಭದಲ್ಲಿತ್ತಂತೆ. ಅಂಗವೈಕಲ್ಯವುಳ್ಳ ಆಟಗಾರರಿಗೆ ಅದು ನೋವುಂಟುಮಾಡುತ್ತದೆಂದು ತಿಳಿದ ಮೇಲೆ ತಯಾರಕರು 2019ರಲ್ಲಿ ಆ ಮಾತುಗಳನ್ನೇ ತಿದ್ದಿದರು. ಹೀಗೆ ಆಡುವುದು ಆಟವೇ ಅಲ್ಲವೆಂದು ವಾದಿಸುವವರಿದ್ದಾರೆ. ನಮ್ಮ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲುಗಳೂ ಇವೆ, ಬಸ್ಸು ಹೋಗುವ ರಸ್ತೆಯೂ ಇದೆ. ಮಂಡಿನೋವಿನಿಂದ ಬಸ್ಸಿನಲ್ಲಿ ಹೋದವರಿಗೆ ತಾಯಿಯ ದರ್ಶನ ಅರ್ಧವೇ ಆಯಿತೆಂದು ಮೈಸೂರಿನಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಷ್ಟೆಲ್ಲ ಬಾಗಿಲು ತೆರೆದ ಆಟದಲ್ಲಿ ನಮ್ಮ ಪಾಲಿಗೆ ಮುಚ್ಚಿಯೇ ಉಳಿದಿರುವುದು ಭಾಷೆಯ ಬಾಗಿಲು. ಜಪಾನಿ, ಫ್ರೆಂಚ್, ರಷ್ಯನ್ ಭಾಷೆಗಳಲ್ಲಿ ಇರುವ ಆಟ ಕನ್ನಡದಲ್ಲಿಲ್ಲ. ಅದರ ಪಾತ್ರಗಳ ಧ್ವನಿಯಲ್ಲಿ ಮಾತಿಲ್ಲ, ಬರೀ ಗುನುಗು. ಆದ್ದರಿಂದ ಕಥೆಯನ್ನೆಲ್ಲ ಓದಿಯೇ ತಿಳಿಯಬೇಕು. ನನಗೆ ಮಗಳು ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ಮಳವಳ್ಳಿಯಲ್ಲೋ ಪಾಂಡವಪುರದಲ್ಲೋ ಕನ್ನಡ ಮಾಧ್ಯಮದಲ್ಲಿ ಓದುವ, ಅದೇ ತಳಮಳವನ್ನು ಹೆಸರಿಲ್ಲದೆ ಅನುಭವಿಸುತ್ತಿರುವ ಮಗುವಿನ ಪಕ್ಕದಲ್ಲಿ ಕುಳಿತು ಹೇಳುವವರು ಯಾರು?

ಸೆಲೆಸ್ಟ್‌ನ ಅನುವಾದಕ್ಕೆ ಅದರ ತಯಾರಕರ ಒಪ್ಪಿಗೆ ಬೇಕಾಗುತ್ತದೆ; ಅಲ್ಲಿಯವರೆಗೆ ಕಾಯಬೇಕಿಲ್ಲ. ನಿಕಿ ಕೇಸ್ ಎಂಬ ಕಲಾವಿದರು 2019ರಲ್ಲಿ ಪ್ರಕಟಿಸಿದ ‘ಅಡ್ವೆಂಚರ್ಸ್ ವಿತ್ ಆಂಕ್ಸೈಟಿ’ ಎಂಬ ಪುಟ್ಟ ಆಟ ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಆಡುವವರೇ ಆತಂಕ. ತನ್ನ ಮನುಷ್ಯನನ್ನು ಕಾಯಲೆಂದು ಸದಾ ಬೊಗಳುವ ಕೆಂಪು ತೋಳದ ರೂಪದಲ್ಲಿ ಅದು ಇರುತ್ತದೆ. ಬೆರಳಿನ ಚುರುಕು ಬೇಕಿಲ್ಲ, ಉತ್ತರಗಳನ್ನು ಆರಿಸುತ್ತಾ ಹೋದರೆ ಸಾಕು. ಅಭಿಮಾನಿಗಳು ಅದನ್ನು ಈಗಾಗಲೇ ಬೇರೆ ಭಾಷೆಗಳಿಗೆ ಅನುವಾದಿಸಿದ್ದಾರೆ. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯೂ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ಮೈಸೂರು ವಿಶ್ವವಿದ್ಯಾನಿಲಯವೂ ಇರುವ ಈ ಊರಿನಲ್ಲಿ ಈ ಕೆಲಸವನ್ನು ಕೈಗೆತ್ತಿಕೊಳ್ಳುವವರು ಸಿಗಬೇಕು. ಪಗಡೆ, ಚೌಕಾಬಾರಗಳಂಥ ಮಣೆಯಾಟಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೋರಿದ ಆಸಕ್ತಿ ನೆನಪಾದರೆ, ಆಟವೆಂಬುದು ಮೈಸೂರಿನ ವಿದ್ವತ್ತಿಗೆ ಹೊರಗಿನದೆಂದು ಯಾರೂ ಹೇಳಲಾರರು.

ಆಟ ಚಿಕಿತ್ಸೆಯಲ್ಲ. ತೊಂದರೆಯಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಅನುವಾದಕ್ಕೆ ಇಳಿಯುವವರು ನಿಘಂಟಿನ ಪದಗಳಿಗಿಂತ, ಮನೆಯಲ್ಲಿ ಆಡುವ ದಿಗಿಲು, ಅಳುಕು, ತಳಮಳ, ಎದೆ ಡವಡವ ಎಂಬ ಮಾತುಗಳನ್ನೇ ಬಳಸಬೇಕೆಂಬುದು ನನ್ನ ವಿನಂತಿ. ಆ ತೋಳದ ಆಟದ ಮೊದಲ ದೃಶ್ಯದ ಮಾತುಗಳನ್ನು ಮಗಳು ಎರಡು ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಬರೆದಿಟ್ಟಿದ್ದಾಳೆ. ಯಾವ ಸಂಸ್ಥೆ ಮುಂದೆ ಬಂದರೂ ಅದನ್ನು ಒಪ್ಪಿಸಿ, ಉಳಿದ ಕೆಲಸಕ್ಕೂ ಜೊತೆ ನಿಲ್ಲಲು ನಾವಿಬ್ಬರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ
ಕುವೆಂಪುನಗರ, ಮೈಸೂರು